ಯಹೂದಿ ಧರ್ಮ ಶುರುವಾಗಿದ್ದು ಯಾರಿಂದ? ಅಬ್ರಹಾಮನಿಂದಲೋ, ಮೋಶೆಯಿಂದಲೋ?

ಹಾಸನದ_ಓದುಗ

ಎಲ್ಲರಿಗೂ ನಮಸ್ಕಾರ. ಬೌದ್ಧ ಧರ್ಮ ಅಂದರೆ ಬುದ್ಧ, ಕ್ರೈಸ್ತ ಧರ್ಮ ಅಂದರೆ ಏಸು, ಇಸ್ಲಾಂ ಅಂದರೆ ಪ್ರವಾದಿ ಮುಹಮ್ಮದರು ಅಂತ ಶಾಲೆಯಿಂದಲೂ ಕೇಳಿಕೊಂಡು ಬಂದಿದ್ದೇವೆ. ಯಹೂದಿ ಧರ್ಮದ ವಿಷಯಕ್ಕೆ ಬಂದರೆ ಮಾತ್ರ ಒಬ್ಬರು ಅಬ್ರಹಾಮ ಅಂತಾರೆ, ಇನ್ನೊಬ್ಬರು ಈಜಿಪ್ಟಿನಿಂದ ಜನರನ್ನು ಬಿಡಿಸಿ ತಂದ ಮೋಶೆ ಅಂತಾರೆ. ನಾನೇ ಓದಿ ನೋಡೋಣ ಅಂತ ಕನ್ನಡ ಬೈಬಲ್‌ನ ಮೊದಲ ಪುಸ್ತಕ ಆದಿಕಾಂಡ ತೆಗೆದೆ. 12ನೇ ಅಧ್ಯಾಯದಿಂದ ಕೊನೆಯ ತನಕ ಒಂದೇ ಮನೆಯ ಕಥೆ! ಮಕ್ಕಳಿಲ್ಲದ ಕೊರಗು, ಸವತಿಯರ ಸಂಕಟ, ಅಣ್ಣನ ಹಕ್ಕನ್ನು ತಮ್ಮ ಕಸಿದುಕೊಳ್ಳೋದು, ತಮ್ಮನನ್ನು ಅಣ್ಣಂದಿರೇ ಮಾರಿಬಿಡೋದು. ಇಂಥ ದಿನ ಉಪವಾಸ ಮಾಡಿ, ಇಂಥದ್ದು ತಿನ್ನಬೇಡಿ ಅನ್ನುವ ವಿಧಿ ನಿಯಮ ತೀರಾ ಕಡಿಮೆ.

ಹಾಗಾದರೆ ಧರ್ಮ ಎಲ್ಲಿ ಹುಟ್ಟಿತು? ಈ ಪೂರ್ವಜರು ನಿಜವಾಗಿ ಬದುಕಿದ್ದವರು ಅನ್ನೋದಕ್ಕೆ ಆಧಾರ ಇದೆಯಾ? ಇನ್ನೊಂದು ಸಂದೇಹ. ಎಲ್ಲರೂ ಒಂದೇ ವಂಶದವರು ಅಂತಾದರೆ ಹೊರಗಿನವರು ಆ ಧರ್ಮಕ್ಕೆ ಸೇರೋಕೆ ಹೇಗೆ ಆಗುತ್ತೆ? ಬಲ್ಲವರು ಬಿಡಿಸಿ ಹೇಳಿ.

ಮೇರಿ_ಟೀಚರ್

ಸರ್, ‘ಒಂದೇ ಮನೆಯ ಕಥೆ’ ಅಂದಿರಲ್ಲ, ಅದನ್ನೇ ಗಟ್ಟಿಯಾಗಿ ಹಿಡಿದುಕೊಳ್ಳಿ. ಆದಿಕಾಂಡ ಬರೆದವರಿಗೆ ಬೇಕಾಗಿದ್ದು ನಾವು ಯಾರ ಮಕ್ಕಳು ಅಂತ ಹೇಳೋದು. ವಿಧಿ ನಿಯಮ ಎಲ್ಲ ಆಮೇಲಿನ ಪುಸ್ತಕಗಳಲ್ಲಿ ಬರುತ್ತೆ.

ಎಳೆ ಹೀಗಿದೆ. ತೆರಹ ಅನ್ನುವವನು ಊರ್ ಪಟ್ಟಣದಿಂದ, ಅಂದರೆ ಇವತ್ತಿನ ದಕ್ಷಿಣ ಇರಾಕಿನಿಂದ, ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಹಾರಾನಿಗೆ ಬರುತ್ತಾನೆ. ಅದು ಈಗಿನ ಟರ್ಕಿಯಲ್ಲಿ, ಸಿರಿಯಾದ ಗಡಿಯ ಹತ್ತಿರ ಇದೆ. ಅಲ್ಲಿ ಅವನ ಮಗ ಅಬ್ರಾಮನಿಗೆ (ಮುಂದೆ ಅಬ್ರಹಾಮ ಅನ್ನಿಸಿಕೊಳ್ಳುವವನು ಇವನೇ) ದೇವರ ಮಾತು ಕೇಳುತ್ತೆ: ನಿನ್ನ ದೇಶ, ನಿನ್ನ ಬಂಧುಗಳು, ನಿನ್ನ ತಂದೆಯ ಮನೆ ಬಿಟ್ಟು ನಾನು ತೋರಿಸುವ ನಾಡಿಗೆ ಹೋಗು, ನಿನ್ನನ್ನು ದೊಡ್ಡ ಜನಾಂಗ ಮಾಡ್ತೀನಿ. ಆಗ ಅವನಿಗೆ 75 ವರ್ಷ, ಮಕ್ಕಳಿಲ್ಲ. ಅವನು ಹೊರಟುಬಿಡುತ್ತಾನೆ. ಯಾಕೆ ಇವನನ್ನೇ ಆರಿಸಿಕೊಂಡರು, ಇವನಲ್ಲಿ ಏನು ವಿಶೇಷ ಅಂತ ಆ ಅಧ್ಯಾಯ ಒಂದು ಮಾತೂ ಹೇಳೋದಿಲ್ಲ. ನನಗೆ ಇದು ತುಂಬಾ ಮುಖ್ಯ ಅನ್ನಿಸುತ್ತೆ.

ಆಮೇಲೆ ಕಾಯೋದೇ ಕಾಯೋದು. ಹೆಂಡತಿ ಸಾರಾ ಬೇಸತ್ತು ತನ್ನ ಈಜಿಪ್ಟಿನ ದಾಸಿ ಹಾಗರಳನ್ನು ಗಂಡನಿಗೆ ಕೊಡುತ್ತಾಳೆ, ಇಷ್ಮಾಯೇಲ ಹುಟ್ಟುತ್ತಾನೆ. 17ನೇ ಅಧ್ಯಾಯದಲ್ಲಿ ಒಡಂಬಡಿಕೆ, ಅದರ ಗುರುತಾಗಿ ಸುನ್ನತಿ. ಗಂಡುಮಗು ಹುಟ್ಟಿದ 8ನೇ ದಿನ ಮಾಡಬೇಕು ಅಂತ ಅಲ್ಲಿ ಹೇಳಿದ್ದನ್ನು ಯಹೂದಿಗಳು ಇವತ್ತಿಗೂ ಪಾಲಿಸುತ್ತಾರೆ. ಕೊನೆಗೆ ಅಬ್ರಹಾಮನ 100ನೇ ವಯಸ್ಸಿಗೆ, ಸಾರಾಳ 90ನೇ ವಯಸ್ಸಿಗೆ ಇಸಾಕ. ಅವನು ಹುಟ್ಟಿದ ಮೇಲೆ ಹಾಗರ ಮತ್ತವಳ ಮಗನನ್ನು ಮನೆಯಿಂದ ಕಳಿಸಿಬಿಡ್ತಾರೆ. ಒಂದಿಷ್ಟು ರೊಟ್ಟಿ, ಒಂದು ತಿತ್ತಿ ನೀರು, ಅಷ್ಟೇ. ಬರೆದವರು ತಮ್ಮ ಮೂಲಪುರುಷನ ಈ ಕೆಲಸವನ್ನು ಮುಚ್ಚಿಡಲಿಲ್ಲ. ಮರಳುಗಾಡಿನಲ್ಲಿ ಮಗು ಅಳೋದನ್ನು ದೇವರು ಕೇಳಿಸಿಕೊಂಡ ಅಂತಲೂ ಬರೆದಿದ್ದಾರೆ.

ಇನ್ನೊಂದು ಭಾಗ ದಯವಿಟ್ಟು ನಿಧಾನವಾಗಿ ಓದಿ, 23ನೇ ಅಧ್ಯಾಯ. ಸಾರಾ ತೀರಿಕೊಂಡಿದ್ದಾಳೆ. ಇಡೀ ನಾಡನ್ನೇ ಕೊಡ್ತೀನಿ ಅಂತ ದೇವರು ಮಾತು ಕೊಟ್ಟಿರುವ ಮನುಷ್ಯನಿಗೆ ಹೆಂಡತಿಯನ್ನು ಹೂಳೋಕೆ ಅಂಗೈ ಅಗಲ ಜಾಗ ಇಲ್ಲ. ಹೆಬ್ರೋನಿನಲ್ಲಿ ಹಿತ್ತಿಯನಾದ ಎಫ್ರೋನನ ಹತ್ತಿರ ಮಕ್ಪೇಲ ಗವಿ ಕೇಳುತ್ತಾನೆ. ಅವನು ಊರವರ ಮುಂದೆ ‘ಸುಮ್ನೆ ತಗೊಳ್ಳಿ ಸ್ವಾಮಿ’ ಅಂತಾನೆ, ಆಮೇಲೆ ಮೆಲ್ಲಗೆ ‘400 ಶೆಕೆಲ್ ಬೆಳ್ಳಿಯ ನೆಲ, ನಮ್ಮಿಬ್ಬರ ನಡುವೆ ಅದೇನು ದೊಡ್ಡದು’ ಅಂತ ಬೆಲೆಯನ್ನೂ ಹೇಳಿಬಿಡುತ್ತಾನೆ. ಅಬ್ರಹಾಮ ಚೌಕಾಸಿ ಮಾಡದೆ ತೂಗಿ ಕೊಡುತ್ತಾನೆ. ಅಬ್ರಹಾಮ, ಇಸಾಕ, ಅವನ ಹೆಂಡತಿ ರೆಬೆಕ್ಕ, ಯಾಕೋಬ, ಲೇಯ ಎಲ್ಲರೂ ಕೊನೆಗೆ ಅಲ್ಲೇ ಮಣ್ಣಾದರು ಅಂತ ಆದಿಕಾಂಡ ಹೇಳುತ್ತೆ. ಅಬ್ರಹಾಮನನ್ನು ಮಣ್ಣು ಮಾಡೋಕೆ ಇಸಾಕ, ಇಷ್ಮಾಯೇಲ ಇಬ್ಬರೂ ಬಂದಿದ್ದರು! ಆ ಗವಿಯ ಮೇಲೆ ಅರಸ ಹೆರೋದನ ಕಾಲದ ದೊಡ್ಡ ಕಲ್ಲಿನ ಗೋಡೆ ಈಗಲೂ ನಿಂತಿದೆ, ಒಳಗೆ ಮಸೀದಿಯೂ ಇದೆ, ಯಹೂದಿ ಪ್ರಾರ್ಥನೆಯ ಜಾಗವೂ ಇದೆ.

ಇಸಾಕನ ಬಗ್ಗೆ ಜಾಸ್ತಿ ಇಲ್ಲ. ಅವನ ಕಾಲದಲ್ಲಿ ಮನೆಯ ಗತಿ ತಿರುಗಿಸೋದು ರೆಬೆಕ್ಕ. ಯಾಕೋಬನದ್ದು ಮಾತ್ರ ತುಂಬು ಬದುಕು. ಅಪ್ಪನಿಗೆ ಮೋಸ ಮಾಡಿ ಹಿರಿಯನ ಆಶೀರ್ವಾದ ಪಡೆದು ಓಡಿಹೋಗುತ್ತಾನೆ, ಸೋದರಮಾವ ಲಾಬಾನ ಇವನಿಗೇ ಮೋಸ ಮಾಡುತ್ತಾನೆ, ರಾಹೇಲಳಿಗಾಗಿ 7 ವರ್ಷ ದುಡಿದರೆ ಮದುವೆಯಾದ ಮರುದಿನ ಬೆಳಿಗ್ಗೆ ನೋಡಿದರೆ ಪಕ್ಕದಲ್ಲಿ ಅವಳ ಅಕ್ಕ ಲೇಯ, ಮತ್ತೆ 7 ವರ್ಷ ದುಡಿಮೆ. ಊರಿಗೆ ಮರಳುವಾಗ ಯಬ್ಬೋಕ್ ಹೊಳೆಯ ದಡದಲ್ಲಿ ರಾತ್ರಿಯಿಡೀ ಒಬ್ಬನ ಜೊತೆ ಕುಸ್ತಿ ಮಾಡಿ, ತೊಡೆಯ ಕೀಲು ತಪ್ಪಿಸಿಕೊಂಡು, ಇಸ್ರಾಯೇಲ್ ಅನ್ನುವ ಹೊಸ ಹೆಸರು ಪಡೆಯುತ್ತಾನೆ. ಲೇಯ, ರಾಹೇಲ, ದಾಸಿಯರಾದ ಬಿಲ್ಹ, ಜಿಲ್ಪ ಈ ನಾಲ್ವರಿಂದ 12 ಗಂಡುಮಕ್ಕಳು. ಅವರೇ 12 ಕುಲಗಳ ಮೂಲ. ಲೇಯಳ ನಾಲ್ಕನೇ ಮಗ ಯೂದ. ಯಹೂದಿ ಅನ್ನುವ ಹೆಸರು ಬಂದಿದ್ದು ಅವನ ಕುಲದಿಂದ.

ಪುಸ್ತಕಗಳಲ್ಲಿ ಬರೀ ಅಬ್ರಹಾಮ, ಇಸಾಕ, ಯಾಕೋಬ ಅಂತ ಮೂವರ ಹೆಸರು ಹಾಕಿ ಮುಗಿಸ್ತಾರೆ. ಯಹೂದಿ ಸಂಪ್ರದಾಯದಲ್ಲಿ ಸಾರಾ, ರೆಬೆಕ್ಕ, ರಾಹೇಲ, ಲೇಯ ನಾಲ್ವರೂ ಮೂಲ ತಾಯಂದಿರು. ಶುಕ್ರವಾರ ಸಂಜೆ ಹೆಣ್ಣುಮಕ್ಕಳನ್ನು ಹರಸುವಾಗ ಈ ನಾಲ್ವರ ಹೆಸರನ್ನೇ ಹೇಳ್ತಾರೆ. ಅವರನ್ನು ಬಿಟ್ಟು ಈ ಕಥೆ ಹೇಳೋದು ಅನ್ಯಾಯ.

ಕಲಬುರಗಿ_ಮಾಸ್ತರ

ಮೇಡಂ, ಚೆನ್ನಾಗಿ ಬರೆದಿದ್ದೀರಿ. ಒಂದು ಕೇಳಬೇಕು. ನಮ್ಮಲ್ಲಿ ಇಬ್ರಾಹಿಂ ಪೈಗಂಬರರು, ಅಂದರೆ ನೀವು ಹೇಳುವ ಅಬ್ರಹಾಮ, ಚಿಕ್ಕ ವಯಸ್ಸಿನಲ್ಲೇ ವಿಗ್ರಹಗಳನ್ನು ಒಡೆದು, ದೊಡ್ಡದನ್ನು ಮಾತ್ರ ಉಳಿಸಿ, ‘ಅದನ್ನೇ ಕೇಳಿ’ ಅಂದರು ಅನ್ನೋದು ಮಕ್ಕಳಿಗೂ ಗೊತ್ತು. ಕುರ್‌ಆನಿನ 21ನೇ ಅಧ್ಯಾಯದಲ್ಲಿದೆ. ಆದಿಕಾಂಡದಲ್ಲಿ ನಾನು ಹುಡುಕಿದೆ, ಸಿಗಲಿಲ್ಲ. ಮಗನನ್ನು ಬಲಿ ಕೊಡಲು ಹೊರಟ ಬಕ್ರೀದ್ ಕಥೆಯಲ್ಲೂ ಆ ಮಗ ಇಸ್ಮಾಯಿಲರು ಅಂತ ನಾವು ಅಂತೀವಿ, ಅಲ್ಲಿ ಇಸಾಕ ಅಂತ ಇದೆ.

ಮೇರಿ_ಟೀಚರ್

ಮಾಸ್ತರೇ, ಸರಿಯಾಗಿ ಗಮನಿಸಿದ್ದೀರಿ. ವಿಗ್ರಹ ಒಡೆದ ಕಥೆ ಆದಿಕಾಂಡದಲ್ಲಿ ಇಲ್ಲ. ಆದರೆ ಯಹೂದಿ ಮಕ್ಕಳಿಗೂ ಅದು ಅಷ್ಟೇ ಚೆನ್ನಾಗಿ ಗೊತ್ತು. ಅದು ಬರೋದು ರಬ್ಬಿಗಳ, ಅಂದರೆ ಯಹೂದಿ ಧರ್ಮಗುರುಗಳ, ಮಿದ್ರಾಷ್ ಅನ್ನುವ ವ್ಯಾಖ್ಯಾನದಲ್ಲಿ. ಅಲ್ಲಿ ತೆರಹ ವಿಗ್ರಹ ಮಾರುವ ಅಂಗಡಿಯವನು. ಹುಡುಗ ಅಬ್ರಾಮ ಎಲ್ಲ ಒಡೆದು ಕೋಲನ್ನು ದೊಡ್ಡ ವಿಗ್ರಹದ ಕೈಗೆ ಇಟ್ಟುಬಿಡುತ್ತಾನೆ. ಯಾಕೆ ಇವನನ್ನೇ ಆರಿಸಿದರು ಅಂತ ಮೂಲದಲ್ಲಿ ಹೇಳಿಲ್ಲ ಅಂದೆನಲ್ಲ, ಆ ಖಾಲಿ ಜಾಗವನ್ನು ರಬ್ಬಿಗಳು ಹೀಗೆ ತುಂಬಿದರು. ತೆರಹ ಬೇರೆ ದೇವರುಗಳನ್ನು ಪೂಜಿಸುತ್ತಿದ್ದ ಅನ್ನೋದಕ್ಕೆ ಯೆಹೋಶುವನ ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಒಂದು ಸಾಲಿನ ಆಧಾರ ಇದೆ, ಅದನ್ನು ಹಿಡಿದು ಬೆಳೆಸಿದ್ದು.

ಬಲಿಯ ಕಥೆಯಲ್ಲಿ ಆದಿಕಾಂಡ ಇಸಾಕನ ಹೆಸರನ್ನು ನೇರವಾಗಿ ಹೇಳುತ್ತೆ. ಕುರ್‌ಆನ್ ಆ ಜಾಗದಲ್ಲಿ ಮಗನ ಹೆಸರು ಹೇಳೋದಿಲ್ಲ, ಇಸ್ಮಾಯಿಲರು ಅಂತ ಮುಸ್ಲಿಮರಲ್ಲಿ ಬಹುಪಾಲು ಜನ ನಂಬುತ್ತಾರೆ.

ಶಾಸನ_ಹುಡುಕಾಟ

ಮೇರಿ ಮೇಡಂ ಕಥೆಯನ್ನು ತುಂಬಾ ಸೊಗಸಾಗಿ ಹೇಳಿದ್ದಾರೆ. ನಾನು ಇನ್ನೊಂದು ಕಡೆಯಿಂದ ಬರ್ತೀನಿ. ಕಲ್ಲು, ಮಣ್ಣು, ಮಡಕೆ ಚೂರು ಏನು ಹೇಳುತ್ತೆ ಅಂತ.

ಅಬ್ರಹಾಮ, ಇಸಾಕ, ಯಾಕೋಬ ಈ ಮೂವರ ಬಗ್ಗೆ ಬೈಬಲ್‌ನ ಹೊರಗೆ ಅವರ ಕಾಲದ ಒಂದೇ ಒಂದು ಶಾಸನವೂ ಸಿಕ್ಕಿಲ್ಲ. 20ನೇ ಶತಮಾನದ ನಡುವಿನಲ್ಲಿ ಪರಿಸ್ಥಿತಿ ಬೇರೆ ಇತ್ತು. ಮಾರಿ, ನೂಜಿ ಅನ್ನುವ ಊರುಗಳಲ್ಲಿ ಸಿಕ್ಕ ಮಣ್ಣಿನ ಫಲಕಗಳಲ್ಲಿ ಅಂಥದ್ದೇ ಹೆಸರು, ಅಂಥದ್ದೇ ಮದುವೆ ಪದ್ಧತಿ ಇದೆ, ಆದ್ದರಿಂದ ಈ ಕಥೆಗಳು ಕ್ರಿ.ಪೂ. 2000ದ ಆಸುಪಾಸಿನವು ಅಂತ ಆಲ್ಬ್ರೈಟ್ ಮುಂತಾದ ದೊಡ್ಡ ವಿದ್ವಾಂಸರು ಹೇಳುತ್ತಿದ್ದರು. 1970ರ ದಶಕದಲ್ಲಿ ಥಾಮಸ್ ಥಾಂಪ್ಸನ್, ಜಾನ್ ವಾನ್ ಸೀಟರ್ಸ್ ಆ ವಾದವನ್ನು ಒಂದೊಂದಾಗಿ ಬಿಚ್ಚಿ ನೋಡಿ, ಆ ಪದ್ಧತಿಗಳು ಆ ಒಂದು ಕಾಲಕ್ಕೆ ಮಾತ್ರ ಸೇರಿದವಲ್ಲ ಅಂತ ತೋರಿಸಿದರು. ಕಥೆಯ ಒಳಗೂ ಸುಳಿವುಗಳಿವೆ. ಊರ್ ಪಟ್ಟಣವನ್ನು ‘ಕಲ್ದೀಯರ ಊರ್’ ಅಂತ ಕರೆದಿದ್ದಾರೆ, ಕಲ್ದೀಯರು ಇತಿಹಾಸದಲ್ಲಿ ಕಾಣಿಸಿಕೊಳ್ಳೋದೇ ಕ್ರಿ.ಪೂ. 1000ದ ಈಚೆಗೆ. ಅಬ್ರಹಾಮನ ಹತ್ತಿರ ಒಂಟೆಗಳಿದ್ದವು ಅಂತ ಇದೆ. ಆ ನಾಡಿನಲ್ಲಿ ಸಾಕಿದ ಒಂಟೆ ಬಳಕೆಗೆ ಬಂದಿದ್ದು ಕ್ರಿ.ಪೂ. 10ನೇ ಶತಮಾನದ ಕೊನೆಯ ಹೊತ್ತಿಗೆ ಅಂತ ಅರಾವಾ ಕಣಿವೆಯ ತಾಮ್ರದ ಗಣಿಗಳಲ್ಲಿ ಸಿಕ್ಕ ಮೂಳೆಗಳ ಕಾಲ ಪರೀಕ್ಷೆ ಮಾಡಿ ಹೇಳಿದ್ದಾರೆ. ಅಂದರೆ ನಾವು ಓದುವ ರೂಪದಲ್ಲಿ ಕಥೆ ಬರೆದವರು ಆ ಕಾಲಕ್ಕಿಂತ ತುಂಬಾ ಈಚಿನವರು.

ಜನಾಂಗದ ಹೆಸರು ಮಾತ್ರ ಹಳೆಯದು. ಈಜಿಪ್ಟಿನ ಅರಸ ಮೆರ್ನೆಪ್ತಾ ಕ್ರಿ.ಪೂ. 1208ರ ಸುಮಾರಿಗೆ ಹಾಕಿಸಿದ ಕಲ್ಲಿನಲ್ಲಿ ‘ಇಸ್ರೇಲ್ ಹಾಳಾಯಿತು, ಅದರ ಬೀಜವೇ ಇಲ್ಲ’ ಅನ್ನುವ ಸಾಲಿದೆ. 1896ರಲ್ಲಿ ಫ್ಲಿಂಡರ್ಸ್ ಪೆಟ್ರಿ ಥೀಬ್ಸ್‌ನಲ್ಲಿ ಪತ್ತೆ ಮಾಡಿದ ಕಲ್ಲು ಅದು. ಅಕ್ಕಪಕ್ಕದ ಹೆಸರುಗಳಿಗೆ ಪಟ್ಟಣ, ನಾಡು ಅನ್ನುವ ಗುರುತು ಹಾಕಿ, ಇಸ್ರೇಲಿಗೆ ಮಾತ್ರ ಜನ ಅನ್ನುವ ಗುರುತು ಹಾಕಿದ್ದಾರೆ. ಅದೇ ಹೊತ್ತಿಗೆ ಕಾನಾನಿನ, ಅಂದರೆ ಕಥೆಯಲ್ಲಿ ದೇವರು ಅಬ್ರಹಾಮನಿಗೆ ತೋರಿಸಿದ ನಾಡಿನ, ಮಧ್ಯದ ಗುಡ್ಡಗಳಲ್ಲಿ ನೂರಾರು ಪುಟ್ಟ ಹಳ್ಳಿಗಳು ಎದ್ದಿವೆ. ಅಲ್ಲಿನ ಮಡಕೆ, ಬರಹ, ಭಾಷೆ ಎಲ್ಲ ಕಾನಾನಿನವೇ. ಹೊರಗಿನಿಂದ ಬಂದು ಗೆದ್ದವರಿಗಿಂತ ಒಳಗಿನವರೇ ಬೇರೆಯಾಗಿ ಬೆಳೆದಂತೆ ಕಾಣುತ್ತೆ ಅನ್ನೋದು ಇವತ್ತಿನ ಬಹುಪಾಲು ಪುರಾತತ್ವಜ್ಞರ ಮಾತು.

ಒಬ್ಬನೇ ದೇವರು ಅನ್ನೋದೂ ಒಂದೇ ಸಲಕ್ಕೆ ಬಂದಿದ್ದಲ್ಲ. ಸಿನಾಯ್ ಮರಳುಗಾಡಿನ ಕುಂತಿಲ್ಲೆತ್ ಅಜ್ರೂದ್‌ನಲ್ಲಿ ಸಿಕ್ಕ ಕ್ರಿ.ಪೂ. 800ರ ಸುಮಾರಿನ ಜಾಡಿಯ ಮೇಲೆ ‘ಸಮಾರ್ಯದ ಯೆಹೋವ ಮತ್ತು ಅವನ ಅಶೇರ’ ಅಂತ ಹರಸಿ ಬರೆದಿದ್ದಾರೆ. ಅಶೇರ ಅಂದರೆ ಕಾನಾನಿನ ದೇವಿ, ಇಲ್ಲವೇ ಅವಳ ಗುರುತಿನ ಕಂಬ. ಬೇರೆ ದೇವರ ಪೂಜೆಯ ವಿರುದ್ಧ ಬೈಬಲ್‌ನ ಪ್ರವಾದಿಗಳು ಯಾಕೆ ಅಷ್ಟು ಸಿಟ್ಟಿನಿಂದ ಕೂಗಾಡಿದರು ಅಂತ ಇದನ್ನು ನೋಡಿದ ಮೇಲೆ ಅರ್ಥ ಆಗುತ್ತೆ.

ಹಾಸನದ_ಓದುಗ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಆದರೆ ಸರ್, ಹಾಗಾದರೆ ಅಬ್ರಹಾಮ ಮುಖ್ಯ ಆಗಿದ್ದು ಯಾವಾಗ? ಆಮೇಲೆ ನನ್ನ ಮೂರನೇ ಪ್ರಶ್ನೆ ಹಾಗೇ ಉಳಿದಿದೆ. ಇದು ನಮ್ಮ ಗೋತ್ರದ ಥರವಾ? ಹುಟ್ಟಿನಿಂದ ಬಂದರೆ ಮಾತ್ರ ಉಂಟು, ಇಲ್ಲದಿದ್ದರೆ ಇಲ್ಲವಾ?

ಕುಡ್ಲದ_ಕಡಲು

ಮೂರನೇ ಪ್ರಶ್ನೆಗೆ ನಾನು ಹೇಳ್ತೇನೆ, ಯಾಕಂದ್ರೆ ಇದರಲ್ಲಿ ನಮ್ಮ ಮಂಗಳೂರು ಬರ್ತದೆ.

12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಅಂತ ಒಬ್ಬ ಯಹೂದಿ ವ್ಯಾಪಾರಿ ಮಂಗಳೂರಲ್ಲಿ ಇದ್ದ. ಊರು ಈಗಿನ ಟ್ಯುನಿಷಿಯಾದ ಮಹ್ದಿಯ. ಯೆಮೆನ್‌ನ ಬಂದರು ಏಡನ್‌ನಲ್ಲಿದ್ದ ಯಹೂದಿ ವ್ಯಾಪಾರಿಗಳ ಜೊತೆ ಮೆಣಸು, ಅಡಿಕೆ, ಕಬ್ಬಿಣದ ವ್ಯವಹಾರ. ಇಲ್ಲಿ ಹಿತ್ತಾಳೆ, ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆಯೂ ಇತ್ತು. ಹಳೆ ತಾಮ್ರ ಕಳಿಸಿ, ಇಂಥ ಪಾತ್ರೆ ಮಾಡಿಸಿ ಕೊಡು ಅಂತ ಏಡನ್‌ನಿಂದ ಬಂದ ಕಾಗದಗಳು ಕೈರೋದ ಹಳೆಯ ಸಿನಗಾಗ್‌ನ (ಯಹೂದಿ ಪ್ರಾರ್ಥನಾ ಮಂದಿರದ) ಉಗ್ರಾಣದಲ್ಲಿ ಸಿಕ್ಕಿವೆ. ಅವನ ಪರವಾಗಿ ಏಡನ್‌ಗೆ ಹೋಗಿಬರುತ್ತಿದ್ದ ಇಲ್ಲಿಯ ಆಳಿನ ಹೆಸರನ್ನು ವಿದ್ವಾಂಸರು ಬೊಮ್ಮ ಅಂತ ಓದಿದ್ದಾರೆ. ನಮ್ಮ ಕರಾವಳಿಯ ಹುಡುಗ ಒಬ್ಬ ಆ ಕಾಗದಗಳಲ್ಲಿ ಉಳಿದಿದ್ದಾನೆ ಅನ್ನೋದು ನನಗೆ ಬಹಳ ಖುಷಿ ಕೊಡ್ತದೆ.

ವಿಷಯಕ್ಕೆ ಬರ್ತೇನೆ. 1132ರಲ್ಲಿ ಮಂಗಳೂರಲ್ಲಿ ಬೆನ್ ಯಿಜು ಆಶು ಅನ್ನುವ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಇದೆ. ಅವಳು ಇಲ್ಲಿಯ ಹೆಣ್ಣು, ನಾಯರ್ ಮನೆತನದವಳು ಅಂತ ವಿದ್ವಾಂಸರು ಊಹಿಸಿದ್ದಾರೆ. ಅವಳಿಗೆ ಬೆರಾಖಾ ಅನ್ನುವ ಯಹೂದಿ ಹೆಸರು ಬಂತು. ಹೊರಗಿನಿಂದ ಸೇರುವವರನ್ನು ಯಹೂದಿಗಳು ‘ಅಬ್ರಹಾಮನ ಮಗ’, ‘ಅಬ್ರಹಾಮನ ಮಗಳು’ ಅಂತಲೇ ಬರೆಯುವುದು. ತಂದೆಯ ಹೆಸರಿನ ಜಾಗದಲ್ಲಿ ಅಬ್ರಹಾಮನ ಹೆಸರು. ಹಾಗಾಗಿ ಗೋತ್ರದ ಹಾಗೆ ಅಂತ ಹೇಳಬಹುದು, ಆದರೆ ಬಾಗಿಲು ತೆರೆದ ಗೋತ್ರ. ಬಾಗಿಲು ದಾಟುವುದು ಸುಲಭ ಅಲ್ಲ. ಕಲಿಕೆ ಇದೆ, ರಬ್ಬಿಗಳ ಮುಂದೆ ಹಾಜರಾಗಬೇಕು, ನೀರಿನಲ್ಲಿ ಮುಳುಗಬೇಕು, ಗಂಡಸರಿಗೆ ಸುನ್ನತಿ. ಹುಟ್ಟಿನ ಲೆಕ್ಕದಲ್ಲಿ ತಾಯಿ ಯಹೂದಿಯಾದರೆ ಮಗು ಯಹೂದಿ ಅನ್ನುವುದು ಸಂಪ್ರದಾಯ.

ಇದು ಬರೀ ಶಿಷ್ಟಾಚಾರ ಅಲ್ಲ, ಇದರ ಮೇಲೆ ದೊಡ್ಡ ಚರ್ಚೆಯೇ ಆಗಿದೆ. ಹೊಸದಾಗಿ ಸೇರಿದವರು ಪ್ರಾರ್ಥನೆಯಲ್ಲಿ ‘ನಮ್ಮ ಪಿತೃಗಳ ದೇವರು’ ಅನ್ನಬಾರದು, ‘ಇಸ್ರಾಯೇಲ್ಯರ ಪಿತೃಗಳ ದೇವರು’ ಅನ್ನಬೇಕು ಅಂತ ಕ್ರಿ.ಶ. 200ರ ಸುಮಾರಿಗೆ ಕಟ್ಟಿದ ಮಿಷ್ನಾ ಅನ್ನುವ ರಬ್ಬಿಗಳ ನಿಯಮಗಳ ಸಂಗ್ರಹದಲ್ಲಿದೆ. ಸಾವಿರ ವರ್ಷದ ಮೇಲೆ ಓಬದ್ಯ ಅನ್ನುವ ಒಬ್ಬ ಮತಾಂತರಿ ಇದೇ ಸಂಕಟವನ್ನು ಮೈಮೊನಿಡೀಸ್‌ಗೆ ಬರೆದ. ಈಜಿಪ್ಟಿನಲ್ಲಿದ್ದ ಆ ದೊಡ್ಡ ವಿದ್ವಾಂಸ ಕೊಟ್ಟ ಉತ್ತರ ಸ್ಪಷ್ಟ: ನೀನೂ ಎಲ್ಲರ ಹಾಗೆಯೇ ಹೇಳು, ಅಬ್ರಹಾಮ ನಿನ್ನ ತಂದೆ, ನಮಗೂ ನಿನಗೂ ಏನೇನೂ ಭೇದ ಇಲ್ಲ. ದಾವೀದ ರಾಜನ ಅಜ್ಜನ ತಾಯಿ ರೂತಳೇ ಮೋವಾಬಿನ ಹೆಣ್ಣು, ಹೊರಗಿನವಳು ಅಲ್ವಾ.

ಶಾಸನ_ಹುಡುಕಾಟ

ಕಡಲು ಅವರೇ, ಮಂಗಳೂರಿನ ವಿಷಯ ಹೇಳಿದ್ದು ತುಂಬಾ ಒಳ್ಳೆಯದಾಯಿತು.

ಓದುಗ ಸರ್, ಅಬ್ರಹಾಮ ಮುಖ್ಯ ಆಗಿದ್ದು ಯಾವಾಗ ಅಂತ ಕೇಳಿದಿರಿ. ಪ್ರವಾದಿಗಳ ಮಾತಿನಲ್ಲಿ ಜಾಡು ಸಿಗುತ್ತೆ. ಕ್ರಿ.ಪೂ. 8ನೇ ಶತಮಾನದಲ್ಲಿ ಎರಡು ರಾಜ್ಯಗಳಿದ್ದವು, ಉತ್ತರದಲ್ಲಿ ಇಸ್ರೇಲ್, ದಕ್ಷಿಣದಲ್ಲಿ ಯೂದ. ಆ ಕಾಲದ ಪ್ರವಾದಿ ಹೋಶೇಯ ಉತ್ತರದ ರಾಜ್ಯದವನು. ಅವನಿಗೆ ಯಾಕೋಬನ ಕಥೆ ಗೊತ್ತು, ಈಜಿಪ್ಟಿನಿಂದ ಬಿಡುಗಡೆಯಾದ ಕಥೆ ಗೊತ್ತು. ಅಬ್ರಹಾಮನ ಹೆಸರನ್ನೇ ಎತ್ತೋದಿಲ್ಲ. ಅಬ್ರಹಾಮನ ನಂಟು ದಕ್ಷಿಣದ ಹೆಬ್ರೋನಿನ ಕಡೆಯದು. ಎರಡು ಕಡೆಯ ಹಿರಿಯರನ್ನು ಅಜ್ಜ, ಅಪ್ಪ, ಮಗ ಅಂತ ಒಂದೇ ವಂಶಾವಳಿಗೆ ಪೋಣಿಸಿದ್ದು ಆಮೇಲೆ ಅಂತ ಹಲವು ವಿದ್ವಾಂಸರು ಹೇಳ್ತಾರೆ, ನನಗೂ ಅದೇ ಸರಿ ಅನ್ನಿಸುತ್ತೆ. ಕ್ರಿ.ಪೂ. 722ರ ಹೊತ್ತಿಗೆ ಅಶ್ಶೂರದವರು ಉತ್ತರದ ರಾಜಧಾನಿ ಸಮಾರ್ಯವನ್ನು ಹಿಡಿದರು. ಉಳಿದಿದ್ದು ದಕ್ಷಿಣದ ಯೂದ ರಾಜ್ಯ. 586ರಲ್ಲಿ ಬಾಬಿಲೋನಿನ ಅರಸ ನೆಬೂಕದ್ನೆಚ್ಚರ ಜೆರುಸಲೇಮನ್ನೂ ದೇವಾಲಯವನ್ನೂ ಸುಟ್ಟು ಜನರನ್ನು ಬಾಬಿಲೋನಿಗೆ ಸಾಗಿಸಿದ. ರಾಜ ಇಲ್ಲ, ಗುಡಿ ಇಲ್ಲ, ನೆಲ ಇಲ್ಲ. ಆ ಸೆರೆಯ ಕಾಲದಲ್ಲಿ ಯೆಶಾಯನ ಪುಸ್ತಕದ 51ನೇ ಅಧ್ಯಾಯ ಹೇಳೋದು ನೋಡಿ: ನಿಮ್ಮ ತಂದೆಯಾದ ಅಬ್ರಹಾಮನನ್ನೂ ನಿಮ್ಮನ್ನು ಹೆತ್ತ ಸಾರಾಳನ್ನೂ ನೋಡಿ, ಕರೆದಾಗ ಅವನು ಒಬ್ಬನೇ ಇದ್ದ. ಇರಾಕಿನ ನೆಲದಲ್ಲಿ ಸೆರೆಯಾಗಿ ಕೂತವರಿಗೆ, ಇದೇ ಇರಾಕಿನ ಊರ್ ಪಟ್ಟಣದಿಂದ ಹೊರಟು ಕಾನಾನಿಗೆ ನಡೆದ ಒಬ್ಬ ಪೂರ್ವಜ ಎಷ್ಟು ಬೇಕಾಗಿದ್ದ ಅಂತ ಯೋಚನೆ ಮಾಡಿ. ಸುನ್ನತಿ, ವಾರಕ್ಕೊಮ್ಮೆ ಕೆಲಸ ಬಿಡುವ ಸಬ್ಬತ್ ದಿನ ಇವು ಗಟ್ಟಿಯಾದ ಗುರುತುಗಳಾಗಿದ್ದೂ ಆಗಲೇ. ಅವನ್ನು ಪಾಲಿಸೋಕೆ ಗುಡಿ ಬೇಕಾಗಿಲ್ಲ.

ಕ್ರಿ.ಪೂ. 539ರಲ್ಲಿ ಪರ್ಷಿಯಾದ ಕೋರೆಷ ಬಾಬಿಲೋನನ್ನು ಗೆದ್ದ ಮೇಲೆ ಒಂದಿಷ್ಟು ಜನ ಮರಳಿದರು, 515ರ ಸುಮಾರಿಗೆ ಎರಡನೇ ದೇವಾಲಯ ಮುಗಿಯಿತು. ಶಾಸ್ತ್ರಿಯಾದ ಎಜ್ರ ಜನರನ್ನೆಲ್ಲ ಸೇರಿಸಿ ಮೋಶೆಯ ಧರ್ಮಶಾಸ್ತ್ರವನ್ನು ಓದಿ ಕೇಳಿಸಿದ ಅಂತ ನೆಹೆಮೀಯನ ಪುಸ್ತಕದಲ್ಲಿದೆ. ಹಾಗಂತ ಎಲ್ಲ ಕಡೆ ಅದೇ ದಿನ ಎಲ್ಲರೂ ಪಾಲಿಸಿದರು ಅಂತಲ್ಲ. ಈಜಿಪ್ಟಿನ ಎಲೆಫಂಟೈನ್ ದ್ವೀಪದಲ್ಲಿ ಪರ್ಷಿಯಾದ ಪರವಾಗಿ ಕಾವಲಿದ್ದ ಯಹೂದಿ ಸಿಪಾಯಿಗಳ ಕಾಗದಪತ್ರ ಕ್ರಿ.ಪೂ. 5ನೇ ಶತಮಾನದ್ದು. ಅವರಿಗೆ ಅಲ್ಲೇ ಒಂದು ಯೆಹೋವನ ಗುಡಿ ಇತ್ತು. 410ರಲ್ಲಿ ಅದನ್ನು ಕೆಡವಿದರು, ಮತ್ತೆ ಕಟ್ಟೋಕೆ ನೆರವು ಕೊಡಿ ಅಂತ 407ರಲ್ಲಿ ಯೂದದ ಅಧಿಕಾರಿಗೆ ಬರೆದರು. ದೇವರು ಆರಿಸಿಕೊಳ್ಳುವ ಒಂದೇ ಜಾಗದಲ್ಲಿ ಬಲಿ ಅರ್ಪಿಸಬೇಕು ಅನ್ನುವ, ಬೈಬಲ್‌ನ ಐದನೇ ಪುಸ್ತಕ ಧರ್ಮೋಪದೇಶಕಾಂಡದ ಮಾತು ಅವರನ್ನು ತಡೆದಂತೆ ಕಾಣೋದಿಲ್ಲ. ಆ ಕಾಗದಗಳಲ್ಲಿ ಎಲ್ಲೂ ಅಬ್ರಹಾಮ, ಮೋಶೆ ಇಬ್ಬರ ಹೆಸರೂ ಇಲ್ಲ. ಆದರೂ ಅವರು ತಮ್ಮನ್ನು ಯಹೂದಿಗಳು ಅಂತಲೇ ಕರೆದುಕೊಂಡರು.

ಹಾಗಾಗಿ ಸ್ಥಾಪಕ ಯಾರು ಅಂದರೆ ನಾನು ಒಬ್ಬರ ಹೆಸರು ಹೇಳೋದಿಲ್ಲ. ಯಹೂದಿಗಳೇ ಅಬ್ರಹಾಮನನ್ನು ‘ನಮ್ಮ ತಂದೆ’ ಅಂತಾರೆ, ಮೋಶೆಯನ್ನು ‘ನಮ್ಮ ಗುರು’ ಅಂತಾರೆ. ವಂಶಕ್ಕೆ ಅವನು, ಶಾಸ್ತ್ರಕ್ಕೆ ಇವನು. ಗುರುವನ್ನು ಪೂಜೆಗೆ ಏರಿಸದಂತೆ ಎಚ್ಚರವನ್ನೂ ವಹಿಸಿದ್ದಾರೆ. ಮೋಶೆಯ ಸಮಾಧಿ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ ಅಂತ ಧರ್ಮೋಪದೇಶಕಾಂಡದ ಕೊನೆಯಲ್ಲೇ ಬರೆದಿದ್ದಾರೆ. ಈಜಿಪ್ಟಿನಿಂದ ಬಿಡಿಸಿಕೊಂಡು ಬಂದವನು ಅವನೇ ಆದರೂ, ಪಸ್ಕ ಹಬ್ಬದ ರಾತ್ರಿ ಮನೆಯಲ್ಲಿ ಓದುವ ಕಥನದಲ್ಲಿ ಅವನ ಹೆಸರು ಬಂದರೂ ಒಂದು ಸಲ, ಅಷ್ಟೇ.

ನೀವು ಆದಿಕಾಂಡ ಮುಗಿಸಿದ ಮೇಲೆ ಅದರ ಮುಂದಿನ ಪುಸ್ತಕ ವಿಮೋಚನಕಾಂಡದ ಮೂರನೇ ಅಧ್ಯಾಯಕ್ಕೆ ಹೋಗಿ. ಉರಿಯುವ ಪೊದೆಯಿಂದ ದೇವರು ಮೋಶೆಯ ಜೊತೆ ಮಾತಾಡುವಾಗ ತನ್ನ ಪರಿಚಯ ಹೇಳಿಕೊಳ್ಳೋದೇ ಅಬ್ರಹಾಮನ ದೇವರು, ಇಸಾಕನ ದೇವರು, ಯಾಕೋಬನ ದೇವರು ಅಂತ. ಅಲ್ಲಿಂದ 20ನೇ ಅಧ್ಯಾಯದ ಹತ್ತು ಆಜ್ಞೆಗಳ ತನಕ ಒಂದೇ ಸಲ ಓದಿ, ನೀವು ಹುಡುಕುತ್ತಿದ್ದ ವಿಧಿ ನಿಯಮಗಳು ಶುರುವಾಗೋದು ಅಲ್ಲೇ.